ಪ್ರಶ್ನೆ ಮುಚ್ಚಿದ ಮನೆ

ನಮ್ಮ ಹಿಂದಿನ ಬೀದಿಯ ಸೋಮಕ್ಕನನ್ನು ಯಾರೂ ಏನೂ ಕೇಳುವುದಿಲ್ಲ. ಊಟ ಆಯ್ತಾ ಎಂದು ಕೇಳುವುದಿಲ್ಲ, ಎಲ್ಲಿಗೆ ಹೊರಟಿರಿ ಎಂದು ಕೇಳುವುದಿಲ್ಲ. ದಿನಸಿ ಅಂಗಡಿಯವನು ಅವಳು ಬೊಟ್ಟು ಮಾಡಿದ ಡಬ್ಬಿಯಿಂದ ಅರ್ಧ ಕೆಜಿ ತೂಗಿ ಕೊಟ್ಟುಬಿಡುತ್ತಾನೆ. ಎಷ್ಟು ಬೇಕು ಎಂದು ಕೇಳುವಂತಿಲ್ಲವಲ್ಲ. ಅಕ್ಕಿಯಾದರೂ ಅರ್ಧ ಕೆಜಿ, ಸಾಸಿವೆಯಾದರೂ ಅರ್ಧ ಕೆಜಿ. ಅವಳಾಗಿಯೇ ಏನಾದರೂ ಹೇಳಬಾರದೆಂದಿಲ್ಲ. ಆದರೆ ಯಾರೂ ಕೇಳದ್ದನ್ನು ತಾನಾಗಿ ಹೇಳುವ ಅಭ್ಯಾಸ ಮನುಷ್ಯರಿಗೆ ಬಹಳ ದಿನ ಉಳಿಯುವುದಿಲ್ಲ. ಈಗ ಅವಳು ಬೀದಿಯಲ್ಲಿ ಎದುರಾದರೆ "ಬಿಸಿಲು ಜೋರಾಗಿದೆ" ಎನ್ನುತ್ತೇವೆ. ಅವಳೂ ಬಿಸಿಲನ್ನು ಒಮ್ಮೆ ನೋಡಿ ಮುಂದೆ ಹೋಗುತ್ತಾಳೆ.

ನನ್ನ ಅತ್ತೆಯ ಕಾಲದಲ್ಲಿ ಸೋಮಕ್ಕ ಊರ ವ್ಯಾಜ್ಯ ತೀರಿಸುವ ಕೇಳುಮನೆಯಲ್ಲಿ ನಿಂತು ಹೇಳಿದ ಒಂದು ಮಾತಿಗೆ ಪರದೆಯ ಹಿಂದಿನಿಂದ ಬಿಕ್ಕಳಿಕೆ ಕೇಳಿಸಿತಂತೆ. ಮಾತು ಏನಿತ್ತೆಂದು ಈಗ ಯಾರಿಗೂ ಸರಿಯಾಗಿ ನೆನಪಿಲ್ಲ. ಬಿಕ್ಕಳಿಕೆಯನ್ನು ಮಾತ್ರ ಯಾರೂ ಮರೆತಿಲ್ಲ. ಸುಳ್ಳು ಹೇಳಿದವರಿಗೆ ನಮ್ಮಲ್ಲಿ ಸೆರೆಮನೆಯಿಲ್ಲ, ದಂಡವಿಲ್ಲ. ಪ್ರಶ್ನೆ ಮುಚ್ಚುತ್ತಾರೆ. ಕೇಳಿದರಲ್ಲವೇ ಸುಳ್ಳು ಹುಟ್ಟುವುದು ಎಂಬುದು ಹಿರಿಯರ ಲೆಕ್ಕಾಚಾರ. ಹಾಗೆ ಮುಚ್ಚಿದವರನ್ನು ಯಾರಾದರೂ ಏನಾದರೂ ಕೇಳಿದರೆ ಕೇಳಿದವರ ಮನೆಯ ಪ್ರಶ್ನೆಯೂ ಮುಚ್ಚುತ್ತದೆ.

ಸುಳ್ಳು ಕಿವಿಗೆ ಬಿದ್ದರೆ ನಮ್ಮ ಊರಿನವರಿಗೆ ಬಿಕ್ಕಳಿಕೆ ಬರುತ್ತದೆ. ಹೇಳಿದವರಿಗಲ್ಲ, ಕೇಳಿದವರಿಗೆ. ಹಾಲುಹಲ್ಲು ಬಿದ್ದ ಮೇಲೆ ಶುರುವಾಗುವ ಇದು ಸಾಯುವವರೆಗೂ ಬಿಡುವುದಿಲ್ಲ. ಹೊರಗಿನಿಂದ ಬಂದ ಸೊಸೆಯಂದಿರಿಗೆ ಬರುವುದಿಲ್ಲ, ಇಲ್ಲಿ ಹುಟ್ಟಿದ ಅವರ ಮಕ್ಕಳಿಗೆ ಬರುತ್ತದೆ. ಆದ್ದರಿಂದ ನಮ್ಮಲ್ಲಿ ಎಲ್ಲರ ಜಗುಲಿಯ ಮೇಲೂ ನೀರಿನ ಚೊಂಬು ಇರುತ್ತದೆ. ಬೀಗರು ಬಂದು "ನಮಗೆ ಏನೂ ಬೇಡ, ಹುಡುಗಿ ಬಂದರೆ ಸಾಕು" ಎಂದಾಗ ಹೆಣ್ಣಿನ ಕಡೆಯವರು ಚೊಂಬನ್ನು ಹತ್ತಿರ ಎಳೆದುಕೊಳ್ಳುತ್ತಾರೆ. ಚುನಾವಣೆಯ ಭಾಷಣವಿದ್ದ ದಿನ ಮೈದಾನಕ್ಕೆ ಟ್ಯಾಂಕರ್ ತರಿಸುತ್ತಾರೆ. ಗಂಡಂದಿರು ಸಾರನ್ನು ಹೊಗಳುವುದನ್ನು ಯಾವಾಗಲೋ ಬಿಟ್ಟಿದ್ದಾರೆ. ಚೆನ್ನಾಗಿದ್ದರೆ ಇನ್ನೊಂದು ಸೌಟು ಬಡಿಸಿಕೊಳ್ಳುತ್ತಾರೆ, ಅಷ್ಟರಿಂದ ನಾವು ತಿಳಿದುಕೊಳ್ಳಬೇಕು.

ನಾನು ಇದೇ ಊರಿನಲ್ಲಿ ಹುಟ್ಟಿ ಇಲ್ಲೇ ಮದುವೆಯಾದವಳು. ನನ್ನ ಗಂಡ ವಿರೂಪಾಕ್ಷ ಹೊಲಿಗೆ ಯಂತ್ರ ರಿಪೇರಿ ಮಾಡುವವರು. ಮದುವೆಯಾದ ಹೊಸತರಲ್ಲಿ ಒಂದು ದಿನ ನಾನು ಬಟ್ಟೆ ಮಡಚುತ್ತಾ ಏನೋ ಗುನುಗುತ್ತಿದ್ದೆ. ಅವರು ಬಾಗಿಲಲ್ಲಿ ನಿಂತು, "ನಿನ್ನ ದನಿ ಕೇಳ್ತಾ ಇರಬೇಕು ಅನ್ಸುತ್ತೆ" ಎಂದರು. ನನಗೆ ಬಿಕ್ಕಳಿಕೆ ಬಂತು. ಅವರು ಒಳಗೆ ಹೋಗಿ ನೀರು ತಂದುಕೊಟ್ಟು ಅಂಗಡಿಗೆ ಹೋದರು. ಆಮೇಲೆ ಅಂಥ ಮಾತನ್ನು ಅವರು ಆಡಲಿಲ್ಲ, ನಾನು ಗುನುಗಲಿಲ್ಲ. ಹೂಂ, ಊಹೂಂ, ಉಪ್ಪು ಕೊಡು, ಕರೆಂಟ್ ಹೋಯ್ತು ಎಂಬ ಮಾತುಗಳಲ್ಲಿ ನಮ್ಮ ಸಂಸಾರ ಸಾಗಿಬಂತು. ಅವು ಯಾವುದಕ್ಕೂ ಬಿಕ್ಕಳಿಕೆಯ ಭಯವಿಲ್ಲ.

ಮುಟ್ಟು ನಿಂತ ಮೇಲೆ ನನ್ನನ್ನು ಕೇಳುಗಿತ್ತಿಯಾಗಿ ಕೂರಿಸಿದರು. ಕೇಳುಮನೆಯಲ್ಲಿ ಏನಾದರೂ ವ್ಯಾಜ್ಯ ಬಂದರೆ ದಪ್ಪ ಪರದೆಯ ಹಿಂದೆ ಕೂತು ಕೇಳುವ ಹೆಂಗಸರು ನಾವು, ಮೂವರು. ಆ ದಿನ ಖಾರ ತಿನ್ನಬಾರದು, ಸೋಡಾ ಕುಡಿಯಬಾರದು, ನಗಬಾರದು. ಗಂಡಸರನ್ನು ಯಾಕೆ ಕೂರಿಸುವುದಿಲ್ಲವೆಂದು ಒಮ್ಮೆ ಕೇಳಿದ್ದಕ್ಕೆ ನಮ್ಮಲ್ಲಿ ಹಿರಿಯಳಾದ ಗಂಗಮಾಳವ್ವ, "ಅವರ ಬಿಕ್ಕಳಿಕೆಗೆ ಬೇರೆ ಬಾಟ್ಲಿ ಕಾರಣ ಇರುತ್ತೆ ಕಣೇ ಮಂದಾಕಿನಿ" ಎಂದಿದ್ದಳು. ಮೂರನೆಯವಳು ಪ್ರೇಮಲೀಲಾ, ಅಂಚೆ ಕಚೇರಿಯವರ ಹೆಂಡತಿ. ಪರದೆ ಯಾಕೆಂದರೆ ಮುಖ ನೋಡಿದರೆ ಮನಸ್ಸು ಕೆಡುತ್ತದೆ. ಅಳುವ ಮುಖ, ಚಂದದ ಮುಖ, ಬೆವರುವ ಮುಖ, ಯಾವುದನ್ನೂ ನಂಬಬಾರದು, ಮಾತನ್ನು ಮಾತ್ರ ಕೇಳಬೇಕು. ಇದು ಬಹಳ ನ್ಯಾಯವಾದ ಏರ್ಪಾಡು ಎಂದೇ ನಾನು ತಿಳಿದಿದ್ದೆ.

ಅರುಂಧತಿ ನಮ್ಮ ಮನೆಯ ಮಹಡಿಯ ಕೋಣೆಗೆ ಬಾಡಿಗೆಗೆ ಬಂದದ್ದು ಈ ಬೇಸಿಗೆಯಲ್ಲಿ. ಯೂನಿವರ್ಸಿಟಿಯಲ್ಲಿ ಪಾಠ ಹೇಳುವವಳು. ಮನುಷ್ಯರು ಹೇಗೆ ಸುಳ್ಳು ಹೇಳುತ್ತಾರೆ, ಅದು ಹೇಗೆ ಸಿಕ್ಕಿಬೀಳುತ್ತದೆ ಎಂಬುದೇ ಅವಳ ಸಂಶೋಧನೆ. ನಲವತ್ತರ ಆಸುಪಾಸಿನ ಹೆಂಗಸು, ಕತ್ತರಿಸಿದ ಕೂದಲು, ಬಿಸಿ ಆರಿದ ಚಹಾವನ್ನೂ ಬಿಡದೆ ಕುಡಿಯುವವಳು. ಬಂದ ವಾರದಲ್ಲೇ ಅಡುಗೆಮನೆಗೆ ಇಳಿದು ನನ್ನ ಜೊತೆ ನೆನೆದ ಅವರೆಕಾಳು ಹಿಸುಕುತ್ತಾ ಕೂತಳು. ಅರ್ಧದಷ್ಟು ಕಾಳನ್ನು ಸಿಪ್ಪೆಯ ಪಾತ್ರೆಗೆ ಹಾಕಿದಳು.

"ನಿಮ್ಮೂರಲ್ಲಿ ಸುಳ್ಳನ್ನ ಹೆಂಗೆ ಕಂಡುಹಿಡೀತೀರಿ?" ಎಂದು ನಾನು ಕೇಳಿದೆ.

"ಕಣ್ಣು ತಪ್ಪಿಸಿದರೆ, ಕೈ ಹಿಸುಕಿಕೊಂಡರೆ, ತಡವರಿಸಿದರೆ ಸುಳ್ಳು ಅಂತ ಎಲ್ಲರೂ ನಂಬ್ತಾರೆ ಮಂದಾಕಿನಿಯವರೇ. ಪೊಲೀಸರೂ ಅಷ್ಟೇ, ಮೇಷ್ಟ್ರುಗಳೂ ಅಷ್ಟೇ. ಪರೀಕ್ಷೆ ಮಾಡಿ ನೋಡಿದರೆ ನಾಣ್ಯ ಚಿಮ್ಮಿ ಹೇಳಿದ್ದಕ್ಕೂ ಅದಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ."

"ಹಂಗಾದ್ರೆ ನೀವು ಬದುಕೋದು ಹೆಂಗೆ?" ನನಗೆ ನಿಜಕ್ಕೂ ಪಾಪ ಎನ್ನಿಸಿತ್ತು.

ಅವಳು ಇನ್ನೊಂದು ಕಾಳು ಹಿಸುಕಿದಳು. "ನಂಬ್ತೀವಿ. ಮುಕ್ಕಾಲು ಪಾಲು ಹೊತ್ತು ಸುಮ್ಮನೆ ನಂಬಿಬಿಡ್ತೀವಿ. ಅದಕ್ಕೇ ನಿಮ್ಮೂರಿಗೆ ಬಂದೆ. ಇಲ್ಲಿ ಯಾರೂ ಯಾರನ್ನೂ ನಂಬಬೇಕಾಗೇ ಇಲ್ಲ ಅಂತ ಕೇಳಿದ್ದೆ."

ಅದೇ ತಿಂಗಳು ಊದಿನಕಡ್ಡಿಯ ಶೆಡ್ಡು ಸುಟ್ಟುಹೋಯಿತು. ಊರ ಹೆಂಗಸರು ಕೂಡಿ ನಡೆಸುತ್ತಿದ್ದ ಶೆಡ್ಡು ಅದು. ಹಬ್ಬದ ಸಾಲಿಗೆಂದು ಒಣಗಿಸಿಟ್ಟ ಕಡ್ಡಿಯೆಲ್ಲ ಬೂದಿಯಾಯಿತು. ಯಾರಿಗೂ ಏನೂ ಆಗಲಿಲ್ಲ. ಎರಡು ದಿನ ಊರೆಲ್ಲ ದೇವರಮನೆಯ ವಾಸನೆ, ಹೆಂಗಸರದೆಲ್ಲ ಅತ್ತ ಕಣ್ಣು. ಬೆಂಕಿ ಬಿದ್ದ ಸಂಜೆ ಕೊನೆಗೆ ಶೆಡ್ಡಿನ ಬಾಗಿಲು ಎಳೆದುಕೊಂಡು ಬಂದವಳು ನೀಲಾ. ಕಡ್ಡಿಗೆ ಹಚ್ಚುವ ಮಡ್ಡಿ ಕರಗಿಸುವ ಒಲೆಯನ್ನು ಆರಿಸಬೇಕಾದವಳು ಅವಳೇ. "ನೀರು ಹಾಕಿ ಆರಿಸೇ ಬಂದೆ" ಎಂದಳು. ಅವಳು ಹಾಗೆ ಹೇಳಿದ್ದು ಸುಡುತ್ತಿದ್ದ ಶೆಡ್ಡಿನ ಮಣ್ಣಿನ ಗೋಡೆಯ ಹತ್ತಿರ, ಗದ್ದಲದಲ್ಲಿ. ಯಾರಿಗೆ ಬಿಕ್ಕಳಿಕೆ ಬಂತು, ಯಾರಿಗೆ ಹೊಗೆಯ ಕೆಮ್ಮು ಬಂತು ಎಂದು ಹೇಳುವಂತಿರಲಿಲ್ಲ. ವಿಷಯ ಕೇಳುಮನೆಗೆ ಹೋಯಿತು. ಬರುವ ಶುಕ್ರವಾರ ಬಿಟ್ಟು ಮುಂದಿನ ಶುಕ್ರವಾರ ವಿಚಾರಣೆ ಎಂದು ತೀರ್ಮಾನವಾಯಿತು.

ನೀಲಾ ಹೊರಗಿನವಳು. ಲಾರಿ ಓಡಿಸುವ ಗಂಡ ತಿಂಗಳುಗಟ್ಟಲೆ ಬರುವುದಿಲ್ಲ. ಬಿಕ್ಕಳಿಕೆಯೇ ಇಲ್ಲದವಳನ್ನು ಹೇಗೆ ನಂಬುವುದು ಎಂಬ ಮಾತು ಅವಳು ಮದುವೆಯಾಗಿ ಬಂದ ದಿನದಿಂದ ಇತ್ತು. ಈಗ ನಲ್ಲಿಯ ಹತ್ತಿರ ಅದಕ್ಕೆ ಕೈಕಾಲು ಬಂದವು. ಆ ಸಂಜೆ ಫೋನಿನಲ್ಲಿ ನಗುತ್ತಿದ್ದಳಂತೆ. ಅವಸರದಲ್ಲಿದ್ದಳಂತೆ. ಹಿಂದೊಮ್ಮೆ ಹಾಲು ಉಕ್ಕಿಸಿದ್ದಳಂತೆ. ನಾನು ಕೊಡ ತುಂಬುವವರೆಗೆ ನಿಂತು ಇವನ್ನೆಲ್ಲ ಕೇಳಿದೆ. ಬಿಕ್ಕಳಿಕೆ ಬರಲಿಲ್ಲ. ಆದ್ದರಿಂದ ನಿಜವೇ ಇರಬೇಕೆಂದುಕೊಂಡೆ.

ಅವಳಿಗೆ ಹಂಸ ಎಂಬ ಮಗಳಿದ್ದಾಳೆ. ಮುಂದಿನ ಹಲ್ಲು ಅಲ್ಲಾಡುತ್ತಿರುವ ವಯಸ್ಸು, ದಿನವಿಡೀ ಪ್ರಶ್ನೆ. ಒಂದು ಬೆಳಿಗ್ಗೆ ನೀಲಾ ಕೊಡ ಹೊತ್ತು ಬರುತ್ತಿದ್ದಳು. ಹೆಂಗಸರು ಮಾತು ನಿಲ್ಲಿಸಿ ದಾರಿ ಬಿಟ್ಟರು. ಆ ಮೌನದ ನಡುವೆ ಮಗು ಒಂದೇ ಸಮನೆ ಕೇಳುತ್ತಿತ್ತು. "ಅವ್ವಾ, ಹಲ್ಲು ಬಿದ್ರೆ ನೋವಾಗುತ್ತಾ? ಅವ್ವಾ, ಬಿದ್ದ ಹಲ್ಲು ಎಲ್ಲೋಗುತ್ತೆ? ಅವ್ವಾ, ಇರುವೆಗೆ ಹಲ್ಲಿದೆಯಾ?" ನೀಲಾ ಪ್ರತಿಯೊಂದಕ್ಕೂ ಉತ್ತರ ಕೊಡುತ್ತಿದ್ದಳು. ನನ್ನ ಹತ್ತಿರ ಬಂದಾಗ ಕೊಡ ಇಳಿಸಿದಳು. ಕೇಳುಗಿತ್ತಿಯರ ಜೊತೆ ಮಾತಾಡಬಾರದೆಂದು ಅವಳಿಗೂ ಗೊತ್ತಿತ್ತು. ಆದರೂ ಕೊಡದ ಬಾಯಿಯನ್ನು ನೋಡುತ್ತಾ ಮೆಲ್ಲಗೆ ಅಂದಳು:

"ಪ್ರಶ್ನೆ ಮುಚ್ಚಿದ್ರೆ ಮಗಳೂ ಕೇಳಂಗಿಲ್ವಾ ಅಕ್ಕಾ?"

ನಾನು ನನ್ನ ಕೊಡ ಎತ್ತಿಕೊಂಡೆ. ಹಲ್ಲು ಬಿದ್ದು ಬಿಕ್ಕಳಿಕೆಯ ವಯಸ್ಸಿಗೆ ಬಂದ ಮೇಲೆ ಮಗಳೂ ಕೇಳುವಂತಿಲ್ಲ. ಆ ಹಲ್ಲು ಆಗಲೇ ಒಂದು ನೂಲಿನಲ್ಲಿ ನಿಂತಿತ್ತು.

ಆ ವಾರವೇ ಅರುಂಧತಿ ಶಾಲೆಯ ಹಾಲಿನಲ್ಲಿ ತನ್ನ ಪರೀಕ್ಷೆ ಇಟ್ಟುಕೊಂಡಳು. ಊರ ಹೆಂಗಸರನ್ನು ಎರಡು ಗುಂಪು ಮಾಡಿದಳು. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ತನ್ನ ಜೊತೆ ಕೆಲಸ ಮಾಡುವ ಶ್ರೀಪಾದ ಎಂಬುವರನ್ನು ಕರೆಸಿ ಬಿಳಿ ಬಟ್ಟೆಯ ಹಿಂದೆ ಕೂರಿಸಿದ್ದಳು. ಅವರು ತಮ್ಮ ಬಗ್ಗೆ ಮಾತಾಡುತ್ತಾರೆ, ನಾವು ಸುಮ್ಮನೆ ಕೇಳಬೇಕು. ನಾನು, ಗಂಗಮಾಳವ್ವ, ಪ್ರೇಮಲೀಲಾ ಮೂವರೂ ಮಧ್ಯಾಹ್ನದ ಗುಂಪಿನಲ್ಲಿದ್ದೆವು. ಶುರುವಾಗುವ ಮೊದಲು ಅರುಂಧತಿ ದನಿ ತಗ್ಗಿಸಿ, "ಒಂದು ಮಾತು ಹೇಳಿಬಿಡ್ತೀನಿ. ಇವರು ಹೆಂಡತಿ ಇದ್ದೂ ಇನ್ನೊಂದು ಮದುವೆಯಾಗಿ ಜೈಲು ನೋಡಿ ಬಂದವರು" ಎಂದಳು. ನಾವು ಸೆರಗು ಸರಿಮಾಡಿಕೊಂಡು ಕೂತೆವು.

ಬಟ್ಟೆಯ ಹಿಂದಿನಿಂದ ಮೆತ್ತಗಿನ ದನಿ ಬಂತು. ನನಗೆ ಬದನೆಕಾಯಿ ಆಗುವುದಿಲ್ಲ ಎಂದಿತು. ಎಲ್ಲೋ ಹಿಂದಿನ ಸಾಲಿನಲ್ಲಿ ಬಿಕ್ಕಳಿಕೆ. ಚಿಕ್ಕವನಿದ್ದಾಗ ಬಾವಿಗೆ ಬಿದ್ದಿದ್ದೆ ಎಂದಿತು. ಇನ್ನೆರಡು ಕಡೆ ಬಿಕ್ಕಳಿಕೆ. ನಮ್ಮ ತಾಯಿ ಬಸಳೆ ಸಾರು ಬಹಳ ಚೆನ್ನಾಗಿ ಮಾಡ್ತಿದ್ದಳು ಎಂದಾಗ ನನಗೂ ಬಂತು, ಗಂಗಮಾಳವ್ವನಿಗೂ ಬಂತು. ಕೊನೆಗೆ ಹಾಲೆಲ್ಲ ಕಪ್ಪೆಯ ಕೆರೆಯಾಯಿತು.

"ಬಸಳೆ ಸಾರಿಗೂ ಸುಳ್ಳು ಹೇಳ್ತಾನಲ್ಲೇ, ಎಂಥ ಹಡಬಿಟ್ಟಿ ಇವನು" ಎಂದಳು ಗಂಗಮಾಳವ್ವ, ಬಿಕ್ಕುತ್ತಾ.

ಅರುಂಧತಿ ಬಟ್ಟೆ ಸರಿಸಿದಳು. ಒಬ್ಬ ಸಣಕಲು ಮನುಷ್ಯ, ಮೊಣಕಾಲ ಮೇಲೆ ಕೈಯಿಟ್ಟು ಕೂತಿದ್ದರು. ಮತ್ತೆ ಬಂದು ಹೊರಗೆ ಕಾದಿದ್ದ ಬೆಳಗಿನ ಗುಂಪಿನವರನ್ನೂ ಅವಳು ಒಳಗೆ ಕರೆದಳು. "ಇವರು ನಮ್ಮ ಕಚೇರಿಯ ಟೈಪಿಸ್ಟ್. ಜೈಲು ನೋಡಿಲ್ಲ, ಒಂದೇ ಮದುವೆ. ಬೆಳಿಗ್ಗೆಯವರಿಗೆ ಇವರು ಸಂಗೀತದ ಮೇಷ್ಟ್ರು ಅಂದಿದ್ದೆ. ಬೆಳಿಗ್ಗೆ ಇವರು ಹೇಳಿದ್ದರಲ್ಲಿ ಒಂದೂ ನಿಜ ಇರಲಿಲ್ಲ. ಮಧ್ಯಾಹ್ನ ಹೇಳಿದ್ದರಲ್ಲಿ ಒಂದೂ ಸುಳ್ಳು ಇರಲಿಲ್ಲ."

ಬೆಳಗಿನ ಗುಂಪಿನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಿಗೆ ಬಿಕ್ಕಳಿಕೆಯೇ ಬಂದಿರಲಿಲ್ಲ. ಮೇಷ್ಟ್ರು ಪಾಪ, ಕಾವೇರಿ ಹರಿದಂತೆ ಮಾತಾಡಿದರು ಎಂದು ಹೊಗಳಿ ಮನೆಗೆ ಹೋಗಿದ್ದರು.

"ಇನ್ನೊಂದು" ಎಂದಳು ಅರುಂಧತಿ. "ಜೈಲಿನ ಮಾತು, ಮೇಷ್ಟ್ರ ಮಾತು ಎರಡನ್ನೂ ಹೇಳಿದ್ದು ನಾನು. ಎರಡೂ ಸುಳ್ಳು. ನಿಮ್ಮಲ್ಲಿ ಒಬ್ಬರಿಗೂ ಬಿಕ್ಕಳಿಕೆ ಬರಲಿಲ್ಲ. ಯಾಕಂದ್ರೆ ನೀವು ನನ್ನನ್ನ ನಂಬಿದ್ರಿ. ಅದಕ್ಕೆ ಕ್ಷಮೆ ಕೇಳ್ತೀನಿ. ಹೀಗೆ ಮಾಡದೆ ತಿಳಿಯೋ ದಾರಿ ನನಗೆ ಇರಲಿಲ್ಲ."

ನನಗೆ ಬಂದದ್ದು ಸಿಟ್ಟು. ನಮ್ಮ ಮನೆಯ ಅನ್ನ ತಿಂದು, ನನ್ನ ಜೊತೆ ಅವರೆಕಾಳು ಹಿಸುಕಿ, ಎದುರಿಗೇ ನಿಂತು ಸುಳ್ಳು ಹೇಳಿದಳಲ್ಲ ಎಂದು. ಆಮೇಲೆ ಸಿಟ್ಟಿನ ಅಡಿಯಲ್ಲಿ ಬೇರೇನೋ ತಣ್ಣಗೆ ಹರಿಯತೊಡಗಿತು.

ಗಂಗಮಾಳವ್ವ ಕೋಲೂರಿ ಎದ್ದಳು. "ಹಂಗಾದ್ರೆ ನಮ್ಮ ಹೊಟ್ಟೇಲಿ ಕೂತಿರೋದು ಸತ್ಯದೇವತೆ ಅಲ್ಲ, ಅನುಮಾನ ಅನ್ನು. ಇಷ್ಟು ವರ್ಷ ಅದಕ್ಕೇ ಉಪವಾಸ ಮಾಡಿದ್ನಲ್ಲೇ ನಾನು" ಎಂದವಳು ಬೀದಿಗೆ ಇಳಿದು, ಮೆಣಸಿನಕಾಯಿ ಬೋಂಡಾ ಕೊಂಡು ಅಲ್ಲೇ ನಿಂತು ತಿಂದಳು.

ಕೇಳುಮನೆಯ ಯಜಮಾನರು ತಿಪ್ಪೇರುದ್ರಪ್ಪನವರು. ಕೆಟ್ಟವರಲ್ಲ. ನಾನು ಹೋಗಿ ಶಾಲೆಯಲ್ಲಿ ನಡೆದದ್ದನ್ನು ಹೇಳಿದೆ. ಅವರು ಎಲೆಗೆ ಸುಣ್ಣ ಸವರುತ್ತಾ ಕೇಳಿದರು.

"ಅದು ಆಟ ಕಣಮ್ಮ. ನಾಟಕದಲ್ಲಿ ಬಣ್ಣ ಹಚ್ಕೊಂಡೋನು ನಾನೇ ರಾಜ ಅಂತಾನೆ. ನಮಗೆ ಬಿಕ್ಕಳಿಕೆ ಬರುತ್ತಾ? ಇಲ್ಲ. ಆಟದ ಸುಳ್ಳು ಬೇರೆ, ಬಾಳಿನ ಸುಳ್ಳು ಬೇರೆ."

"ನಾಟಕಕ್ಕೆ ಬರೋದಿಲ್ಲ ಯಾಕಂದ್ರೆ ಅಲ್ಲಿ ಯಾರೂ ಅನುಮಾನ ಪಡೋಕೆ ಹೋಗಿರೋದಿಲ್ಲ, ಯಜಮಾನ್ರೇ."

ಅವರು ಎಲೆಯನ್ನು ಮಡಚಿ ಕೈಯಲ್ಲೇ ಇಟ್ಟುಕೊಂಡರು. "ಸರಿ, ಹಂಗೇ ಅಂದ್ಕೊ. ನಾಳೆಯಿಂದ ಜಗಳ ಬಂದ್ರೆ ಏನು ಮಾಡೋಣ? ಕಣ್ಣು ನೋಡೋಣವಾ? ಕೈ ನೋಡೋಣವಾ?"

"ನೀಲಾಳ ವಿಷಯಕ್ಕೆ ನನ್ನನ್ನ ಬಿಟ್ಟುಬಿಡಿ. ನಾನು ನಲ್ಲಿ ಹತ್ರ ಬೇಡದ್ದೆಲ್ಲ ಕೇಳಿಬಿಟ್ಟಿದ್ದೀನಿ" ಎಂದೆ.

"ಕೇಳದೇ ಇರೋ ಕಿವಿ ಈ ಊರಲ್ಲಿ ಯಾವುದಿದೆ, ಹೇಳು. ಅಂಥ ಕಿವಿಯವಳನ್ನೇ ನಿನ್ನ ಜಾಗದಲ್ಲಿ ತಂದು ಕೂರಿಸ್ತೀನಿ" ಎಂದರು ತಿಪ್ಪೇರುದ್ರಪ್ಪ. ಅವರು ಹೇಳಿದ್ದು ನಿಜ. ಕಣ್ಣಿಗೆ ಪರದೆ ಕಟ್ಟಿದ ಹಿರಿಯರು ಕಿವಿಗೆ ಮೊದಲೇ ಬಿದ್ದದ್ದಕ್ಕೆ ಯಾವ ಪರದೆಯನ್ನೂ ಕಟ್ಟಿರಲಿಲ್ಲ.

ಆ ವಾರ ನಾನು ನನ್ನನ್ನೇ ತಿದ್ದಿಕೊಳ್ಳಲು ನೋಡಿದೆ. ನೀಲಾ ಒಲೆಗೆ ನೀರು ಹಾಕುವುದನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳುತ್ತಿದ್ದೆ. ಚೊಂಬು ಬಾಗುತ್ತಿತ್ತು, ಬೆಂಕಿ ಚುಂಯ್ ಎನ್ನುತ್ತಿತ್ತು. ಆಗಲೇ ನಲ್ಲಿಯ ಹತ್ತಿರದ ನಗು ನಡುವೆ ನುಗ್ಗುತ್ತಿತ್ತು, ಫೋನು ಕೆನ್ನೆಗೆ ಬರುತ್ತಿತ್ತು, ಚೊಂಬು ನೆಲಕ್ಕೆ ಬರುತ್ತಿತ್ತು. ನಂಬಬೇಕೆಂದು ಹಟ ಹಿಡಿದರೆ ನಂಬಿಕೆ ಬರುವುದಿಲ್ಲ, ನಿದ್ದೆಯ ಹಾಗೆ. ಅದರ ನಡುವೆಯೇ ಹಳೆಯ ಆ ಬಾಗಿಲು, ಮಡಚಿದ ಬಟ್ಟೆ, ನನ್ನ ಗಂಡನ ಮಾತು ನೆನಪಾಗುತ್ತಿತ್ತು. ಅವರು ಸುಳ್ಳಾಡಿದರೆಂದು ನಾನು ಇಷ್ಟು ವರ್ಷ ತಿಳಿದಿದ್ದೆ. ನನ್ನ ದನಿ ಕೇಳುತ್ತಿರಬೇಕೆಂದು ಯಾರಿಗಾದರೂ ಅನ್ನಿಸಬಹುದೆಂದು ನಾನೇ ನಂಬಿರಲಿಲ್ಲ ಎಂಬುದು ಈಗ ಹೊಳೆಯಿತು. ಮತ್ತೆ ಅವರಿಗೆ ಮೊದಲ ದಿನದಿಂದಲೂ ತಾವು ಹೇಳಿದ್ದು ನಿಜವೆಂದು ಗೊತ್ತಿತ್ತು. ಗೊತ್ತಿದ್ದೂ ನೀರು ತಂದುಕೊಟ್ಟಿದ್ದರು.

ಶುಕ್ರವಾರ ಕೇಳುಮನೆ ತುಂಬಿತ್ತು. ಪರದೆಯ ಹಿಂದೆ ನಾವು ಮೂವರು ಮಣೆಯ ಮೇಲೆ ಕೂತೆವು. ಗಂಗಮಾಳವ್ವನ ಬಾಯಿಯಿಂದ ಬೆಳ್ಳುಳ್ಳಿ ಚಟ್ನಿಯ ವಾಸನೆ ಬರುತ್ತಿತ್ತು. ಬೇಕೆಂದೇ ತಿಂದು ಬಂದಿದ್ದಳು. ಪ್ರೇಮಲೀಲಾ ಮಾತ್ರ ಕಣ್ಣು ಮುಚ್ಚಿ ಶ್ಲೋಕ ಹೇಳಿಕೊಳ್ಳುತ್ತಿದ್ದಳು. ತಿಪ್ಪೇರುದ್ರಪ್ಪನವರು ಕೇಳಿದರು, "ಒಲೆ ಆರಿಸಿದ್ಯೇನಮ್ಮ?"

"ಆರಿಸಿದ್ದೆ. ನೀರು ಹಾಕಿ ಆರಿಸಿ, ಆಮೇಲೆ ಬಾಗಿಲು ಎಳೆದೆ."

ದನಿ ಬಹಳ ಸಣ್ಣದಾಗಿತ್ತು. ಹೆದರಿದವಳ ದನಿ. ಹೆದರಿದ್ದು ಯಾಕೆ, ಸುಳ್ಳಿಗೋ, ನಮಗೋ ಎಂದು ನಾನು ಯೋಚಿಸಿದೆ. ಯೋಚಿಸಿದ್ದೇ ತಪ್ಪಾಯಿತು. ಎದೆಯ ಗೂಡಿನ ಕೆಳಗೆ ಅದು ಎದ್ದಿತು. ಉಸಿರು ಕಟ್ಟಿದೆ. ಹಲ್ಲು ಕಚ್ಚಿದೆ. ಆದರೂ ಬಂತು, ಆ ಮೌನದಲ್ಲಿ, ಎಲ್ಲರಿಗೂ ಕೇಳುವಂತೆ. ನನ್ನದರ ಹಿಂದೆಯೇ ಪ್ರೇಮಲೀಲಾಳದು. ಗಂಗಮಾಳವ್ವ ತೇಗಿದಳು, ಅಷ್ಟೆ.

ಹೊರಗೆ ಗುಜುಗುಜು ಶುರುವಾಯಿತು. ಯಾರೋ ಹೆಂಗಸು "ನೋಡಿದ್ರಾ, ನಾನು ಅವತ್ತೇ ಹೇಳಿದ್ನಲ್ಲ" ಎಂದಳು. ಆ ಮಾತು ಕಿವಿಗೆ ಬಿದ್ದಾಗ ನಾನು ಎದ್ದೆ. ಕೇಳುಗಿತ್ತಿಯರು ಪರದೆ ಸರಿಸಿ ಹೊರಗೆ ಬಂದದ್ದು ಅದುವರೆಗೆ ಇರಲಿಲ್ಲ. ಪರದೆಯ ಬಳೆಗಳು ಎಷ್ಟು ತುಕ್ಕು ಹಿಡಿದಿದ್ದವೆಂದರೆ ಎಳೆದಾಗ ಕಿರುಚಿದವು. ನೀಲಾ ಕಂಬದ ಪಕ್ಕ ನಿಂತಿದ್ದಳು. ಹಂಸ ಅವಳ ಸೀರೆ ಹಿಡಿದುಕೊಂಡು ನಾಲಿಗೆಯಿಂದ ಹಲ್ಲು ದೂಡುತ್ತಿದ್ದಳು.

"ಬಿಕ್ಕಳಿಕೆ ಬಂದಿದ್ದು ನಿಜ" ಎಂದೆ. "ಆದರೆ ಅದು ನನ್ನದು. ಅವಳ ಬಗ್ಗೆ ಊರೆಲ್ಲ ಆಡಿದ್ದನ್ನ ಕೇಳ್ಕೊಂಡು ಬಂದು ಕೂತಿದ್ದೆ. ಅದೇ ಹೊರಗೆ ಬಂತು. ಒಲೆ ಆರಿತ್ತೋ ಇಲ್ವೋ ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ."

ನಾನು ಕಾದೆ. ಎಲ್ಲರೂ ಕಾದರು. ಅಷ್ಟು ಜನರಲ್ಲಿ ಒಬ್ಬರಿಗೂ ಬಿಕ್ಕಳಿಕೆ ಬರಲಿಲ್ಲ. ಕೇಳುಮನೆಯಲ್ಲಿ ಗೊತ್ತಿಲ್ಲ ಎಂಬ ಮಾತನ್ನು ಯಾರಾದರೂ ಆಡಿದ್ದು ನನಗೆ ನೆನಪಿಲ್ಲ. ಆಡಿದಾಗ ಗೋಡೆಗಳು ಹೇಗಿದ್ದವೋ ಹಾಗೇ ಇದ್ದವು.

ತಿಪ್ಪೇರುದ್ರಪ್ಪನವರು ತಲೆ ತಗ್ಗಿಸಿ, "ಮಂದಾಕಿನಮ್ಮ, ನೀನು ಹೇಳೋದು ಸುಳ್ಳಲ್ಲ. ಆದರೆ ಇದನ್ನ ಬಿಟ್ರೆ ನಮ್ಮ ಹತ್ರ ಬೇರೆ ಇಲ್ಲ" ಎಂದರು. ಹಾಗೆಂದು ಪದ್ಧತಿಯಂತೆ ನೀಲಾಳ ಪ್ರಶ್ನೆ ಮುಚ್ಚಿದರು. ಅದಕ್ಕೆ ದೊಡ್ಡ ವಿಧಿಯೇನಿಲ್ಲ. "ಇನ್ನು ಮನೆಗೆ ಹೋಗ್ತೀಯ" ಎನ್ನುತ್ತಾರೆ. ಹೋಗ್ತೀಯಾ ಎಂದು ಕೇಳುವುದಿಲ್ಲ.

ನಾನು ಮನೆಗೆ ಬಂದಾಗ ವಿರೂಪಾಕ್ಷ ನನಗಿಂತ ಮೊದಲೇ ಬಂದು ಜಗುಲಿಯ ಮೇಲೆ ಕೂತಿದ್ದರು. ಬೆರಳಿಗೆ ಯಂತ್ರದ ಎಣ್ಣೆ ಮೆತ್ತಿತ್ತು. ಅಂಗಡಿ ಮುಚ್ಚಿ ಕೇಳುಮನೆಯ ಹಿಂದಿನ ಸಾಲಿನಲ್ಲಿ ನಿಂತಿದ್ದರೆಂದು ಆಗ ತಿಳಿಯಿತು. ನಾನು ಕಾಲು ತೊಳೆದುಕೊಂಡು ಬಂದೆ.

"ನೀನು ಮಾತಾಡಿದ್ದು ಚೆನ್ನಾಗಿತ್ತು" ಎಂದರು.

ನನಗೆ ಬಿಕ್ಕಳಿಕೆ ಬಂತು. ಅವರು ಎದ್ದು ಚೊಂಬಿಗೆ ಕೈ ಹಾಕಿದರು. ಹಾಗೆ ಎದ್ದು ಹೋಗುವ ಅವರ ಬೆನ್ನನ್ನು ನಾನು ಒಮ್ಮೆ ನೋಡಿದ್ದೆ. ಅಂಗಿಯ ತುದಿ ಹಿಡಿದು ನಿಲ್ಲಿಸಿದೆ.

"ನೀರು ಬೇಡ. ಇನ್ನೊಂದು ಸಲ ಹೇಳಿ."

"ಚೆನ್ನಾಗಿತ್ತು."

ಮತ್ತೆ ಬಂತು. ಅವರಿಗೆ ನಗು ಬಂತು, ನನಗೂ. "ಹಿಂಗೇ ಹೇಳ್ತಾ ಇದ್ರೆ ಬೆಳಗಾಗುತ್ತೆ" ಎಂದರು. ಬೆಳಗಾಗಲಿಲ್ಲ. ಇನ್ನಷ್ಟು ಸಲ ಹೇಳಿಸಿಕೊಂಡ ಮೇಲೆ ಬಿಕ್ಕಳಿಕೆ ದಣಿದು ತಾನಾಗಿ ನಿಂತಿತು.

ಆಮೇಲೆ, ಬೆಳಿಗ್ಗೆ ನೀಲಾಳ ಮನೆಗೆ ಹೋಗಿ ಅವಳನ್ನು ಕೇಳಿ ಮಾತಾಡಿಸಬೇಕೆಂದುಕೊಂಡದ್ದನ್ನು ಅವರಿಗೆ ಹೇಳಿದೆ. ನಮ್ಮ ಮನೆಯ ಪ್ರಶ್ನೆಯೂ ಮುಚ್ಚುತ್ತದೆ ಎಂದೆ. ಅವರು ಬೆರಳಿನ ಎಣ್ಣೆಯನ್ನು ಚಿಂದಿಗೆ ಒರೆಸಿದರು. "ನನ್ನನ್ನ ಊರವರು ಕೇಳೋದು ಒಂದೇ. ಮೆಷಿನ್ ಯಾವಾಗ ರೆಡಿ ಆಗುತ್ತೆ ಅಂತ. ಅದನ್ನ ಕೇಳದಿದ್ರೆ ನನಗೆ ಆರಾಮ." ಚಿಂದಿ ಮಡಚಿಡುತ್ತಾ, "ನೀನಂತೂ ಕೇಳ್ತೀಯಲ್ಲ" ಎಂದರು.

ಮಹಡಿಯಿಂದ ಅರುಂಧತಿ ಇಳಿದು ಬಂದಳು. ಅವಳ ಕಣ್ಣುಗಳು ಕೆಂಪಾಗಿದ್ದವು. "ನಾನು ತಿಳಿದುಕೊಂಡಿದ್ದು ಯಾರ ಉಪಯೋಗಕ್ಕೂ ಬರಲಿಲ್ಲ" ಎಂದಳು. ಅವಳ ಮೇಲಿನ ನನ್ನ ಸಿಟ್ಟು ಪೂರ್ತಿ ಹೋಗಿರಲಿಲ್ಲ. ಆದರೂ ಚಹಾ ಮಾಡಿ ಬಿಸಿ ಇರುವಾಗಲೇ ಕೈಗೆ ಕೊಟ್ಟೆ.

ಬೆಳಿಗ್ಗೆ ನಾನು ನೀಲಾಳ ಮನೆಗೆ ಹೊರಟೆ. ಹಿಂದಿನ ಬೀದಿಯಲ್ಲಿ ಸೋಮಕ್ಕ ಬಾಗಿಲಿಗೆ ನೀರು ಹಾಕುತ್ತಿದ್ದಳು. "ಬಿಸಿಲು" ಎಂದು ಶುರುಮಾಡಿದವಳು ನಾನು ನಿಂತೆ.

"ತಿಂಡಿ ಆಯ್ತಾ ಸೋಮಕ್ಕ?"

ಅವಳು ಹಿಂದಕ್ಕೆ ತಿರುಗಿ ಬೇರೆ ಯಾರಾದರೂ ಇದ್ದಾರೆಯೇ ಎಂದು ನೋಡಿದಳು. ಎದುರು ಮನೆಯ ಕಿಟಕಿ ತೆರೆದಿತ್ತು, ಒಳಗೆ ಯಾರೋ ನಿಂತಿದ್ದರು. ಸೋಮಕ್ಕ ಬಕೆಟ್ಟನ್ನು ಕೆಳಗಿಟ್ಟಳು. ಬಾಯಿ ಎರಡು ಸಲ ತೆರೆದು ಮುಚ್ಚಿತು. "ಇಲ್ಲ" ಎಂದಳು ಕೊನೆಗೆ. ಮತ್ತೆ, ಉತ್ತರ ಸಾಲದಾಯಿತೇನೋ ಎಂಬಂತೆ, "ರವೆ ಇದೆ. ಅರ್ಧ ಕೆಜಿ" ಎಂದಳು. ನಾನು ನಡೆದು ಹೋದಾಗ ನನ್ನ ಹಿಂದೆ ಚಪ್ಪಲಿಯ ಸದ್ದು ಕೇಳಿಸಿತು. ರವೆಯ ಚೀಲ ಹಿಡಿದು ಅವಳೂ ಬರುತ್ತಿದ್ದಳು.

ನೀಲಾಳ ಮನೆಯ ಬಾಗಿಲು ಅರ್ಧ ತೆರೆದಿತ್ತು. ಅವಳು ಒಲೆಯ ಮುಂದೆ ಸುಮ್ಮನೆ ಕೂತಿದ್ದಳು. ಹಂಸ ಗೋಡೆಗೆ ಒರಗಿ ಬಾಯಿಯನ್ನು ಎರ‍ಡೂ ಕೈಯಿಂದ ಮುಚ್ಚಿಕೊಂಡಿದ್ದಳು. ಹಲ್ಲು ಬಿದ್ದಿತ್ತು. ಒಂದು ಕಾಗದದ ಚೂರಿನ ಮೇಲೆ, ಕಿಟಕಿಯಲ್ಲಿ, ಅಕ್ಕಿಕಾಳಿನಷ್ಟು ಬಿಳುಪಾಗಿ ಕೂತಿತ್ತು. ಯಾರೋ ಅವಳಿಗೆ ಹೇಳಿಕೊಟ್ಟಿದ್ದರು, ಇನ್ನು ಅವ್ವನನ್ನು ಕೇಳಬಾರದೆಂದು. ಕೈ ತೆಗೆದರೆ ಪ್ರಶ್ನೆ ತಾನಾಗಿ ಬೀಳುತ್ತದೆಂದು ಮಗು ಹೆದರಿದ್ದಿರಬೇಕು.

"ನಿದ್ದೆ ಬಂತಾ ನೀಲಾ?" ಎಂದೆ.

ಅವಳು ತಲೆಯೆತ್ತಿದಳು. "ಅಕ್ಕಾ, ಬೇಡ. ನಿಮ್ಮನೆಗೂ ಮುಚ್ತಾರೆ."

"ಮುಚ್ಚಲಿ. ನಾನು ಕೇಳಿದ್ದಕ್ಕೆ ಹೇಳು."

"ಬಂತು" ಎಂದಳು. ನನಗೆ ಬಿಕ್ಕಳಿಕೆ ಬಂತು. ಅವಳ ಕಣ್ಣು ನೋಡಿದ ಯಾರಿಗಾದರೂ, ಬಿಕ್ಕಳಿಕೆಯ ಊರಲ್ಲಿ ಹುಟ್ಟದವರಿಗೂ, ಅದು ಸುಳ್ಳೆಂದು ತಿಳಿಯುತ್ತಿತ್ತು. ಸೋಮಕ್ಕ ರವೆಯ ಚೀಲವನ್ನು ಒಲೆಯ ಪಕ್ಕ ಇಟ್ಟು, ಯಾರನ್ನೂ ನೋಡದೆ ಬಾಣಲೆ ಹುಡುಕತೊಡಗಿದಳು.

ನಾನು ಹಂಸಳ ಮುಂದೆ ಕೂತು ಅವಳ ಕೈಗಳನ್ನು ಬಾಯಿಯಿಂದ ತೆಗೆದೆ. "ಕೇಳು ಮಗಾ. ಏನು ಬೇಕಾದ್ರೂ ಕೇಳು."

ಅವಳು ನನ್ನನ್ನು ನೋಡಿದಳು, ಅವ್ವನನ್ನು ನೋಡಿದಳು. ಹಲ್ಲಿಲ್ಲದ ಜಾಗದಿಂದ ಗಾಳಿ ಸೋರುತ್ತಾ ಕೇಳಿದಳು:

"ಅವ್ವಾ, ನೀನು ಒಲೆ ಆರಿಸಿದ್ಯಾ?"

ಊರಿನಲ್ಲಿ ಯಾರೂ ಈ ಪ್ರಶ್ನೆಯನ್ನು ಹೀಗೆ ಕೇಳಿರಲಿಲ್ಲ. ಉತ್ತರ ತಿಳಿಯಬೇಕೆಂಬ ಒಂದೇ ಕಾರಣಕ್ಕೆ.

"ಹೂಂ ಕಣೇ" ಎಂದಳು ನೀಲಾ. "ನೀರು ಹಾಕಿದ್ದೆ. ಹೊಗೆ ಬಂತು. ಕಣ್ಣುರಿ ಬಂತು. ಸೆರಗಲ್ಲಿ ಒರೆಸ್ಕೊಂಡು ಬಂದೆ."

ನನ್ನ ಎದೆಯ ಕೆಳಗೆ ಅದು ಮತ್ತೆ ಎದ್ದಿತು. ಇವಳು ನಿಜ ಹೇಳುತ್ತಿದ್ದಾಳೋ ಇಲ್ಲವೋ ನನಗೆ ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಬಿಕ್ಕಳಿಸಿದೆ. ಸೋಮಕ್ಕ ಚೊಂಬು ಮುಂದಿಟ್ಟಳು, ನಾನು ಕುಡಿದೆ. ಹಂಸ ನನ್ನ ಕಡೆ ನೋಡಲೂ ಇಲ್ಲ. ಅವ್ವ ಹೇಳಿದ್ದನ್ನು ಅವಳು ಒಂದು ಕ್ಷಣ ಯೋಚಿಸಿ, ಸರಿ ಎಂಬಂತೆ ತಲೆಯಾಡಿಸಿ, ಆಗಲೇ ಮುಂದಿನದಕ್ಕೆ ಹೋಗಿದ್ದಳು.

"ಅವ್ವಾ, ಉಪ್ಪಿಟ್ಟಿಗೆ ಈರುಳ್ಳಿ ಹಾಕ್ತೀಯಾ?"